ಚೆಂಡು ಹೂವಿನ ಬೇಲಿಯೊಳಗಿನ ತೇವ

ಕಲಬುರಗಿ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಏಳೂವರೆ. ಬೆಂಗಳೂರಿನಿಂದ ಬಂದ ರೈಲು ಒಂದೂಕಾಲು ಗಂಟೆ ತಡ. ನಿದ್ದೆಗೆಟ್ಟ ಸಿಟ್ಟು ಒಂದು ಕಡೆ, ಚೀಲದಲ್ಲಿದ್ದ ಹಸಿರು ಕಡತದ ಸಿಟ್ಟು ಇನ್ನೊಂದು ಕಡೆ. ಕಡತದ ತುಂಬ ಬಣ್ಣದ ಫೋಟೊಗಳಿದ್ದವು. ಎಲ್ಲದರಲ್ಲೂ ಒಂದು ಬಿಳಿ ಕಂಬ, ಕಂಬದ ಪಕ್ಕ ನಗುತ್ತ ನಿಂತ ಒಬ್ಬ ಮನುಷ್ಯ. ಮಣ್ಣಿನ ತೇವ ಅಳೆಯುವ ಕೇಂದ್ರಗಳ ಫೋಟೊಗಳಲ್ಲಿ ಮಣ್ಣು ಒಂದರಲ್ಲೂ ಸರಿಯಾಗಿ ಕಾಣುತ್ತಿರಲಿಲ್ಲ.

ದೇಶದ ತುಂಬ ಮಣ್ಣಿನ ತೇವ ಅಳೆಯುವ ಜಾಲವೊಂದನ್ನು ಕಟ್ಟುತ್ತಿದ್ದಾರೆ. ಕಟ್ಟುತ್ತಿದ್ದಾರೆ ಎಂದು ಬೇರೆಯವರ ತಲೆಗೆ ಕಟ್ಟುವುದು ಬೇಡ, ನಾವೇ ಕಟ್ಟುತ್ತಿದ್ದೇವೆ. ಇಪ್ಪತ್ತಾರು ವರ್ಷ ಮಣ್ಣಿನ ಕೆಲಸ ಮಾಡಿದ ನಾನೂ ಅದರಲ್ಲಿ ಒಬ್ಬಳು. ಒಂದು ಕಂಬ, ಅದರ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಹಲಗೆ, ಕೆಳಗೊಂದು ಪೆಟ್ಟಿಗೆ. ಪೆಟ್ಟಿಗೆಯಿಂದ ಇಳಿದ ತಂತಿಗಳ ತುದಿಯ ಮುಳ್ಳುಗಳು ಗೇಣು ಆಳದಲ್ಲಿ, ಮೊಳ ಆಳದಲ್ಲಿ ಮಣ್ಣಿನೊಳಗೆ ಕೂತಿರುತ್ತವೆ. ಗಂಟೆಗೊಮ್ಮೆ ಅಂಕಿ ಬರುತ್ತದೆ. ಆ ಅಂಕಿ ನೋಡಿ ರೈತರ ಫೋನಿಗೆ ಸಂದೇಶ ಹೋಗುತ್ತದೆ: ತೇವ ಸಾಕಷ್ಟಿದೆ, ಬಿತ್ತಿ; ಇಲ್ಲವೇ, ತೇವ ಸಾಲದು, ತಡೆಯಿರಿ.

ಯಂತ್ರ ಹೇಳುವುದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಕೆಲವು ಕಂಬಗಳ ಹತ್ತಿರ ಆಯಾ ಊರಿನವರೊಬ್ಬರನ್ನು ನೇಮಿಸಿದ್ದೆವು. ಅವರು ವಾರಕ್ಕೊಮ್ಮೆ ಹೊಲದ ಮಣ್ಣು ತೆಗೆದು ತೂಗಬೇಕು, ಒಣಗಿಸಿ ಮತ್ತೆ ತೂಗಬೇಕು. ಎರಡು ತೂಕಗಳ ನಡುವಿನ ವ್ಯತ್ಯಾಸವೇ ನೀರು. ಬಹಳ ಹಳೆಯ ಪದ್ಧತಿ, ಇದಕ್ಕಿಂತ ನಂಬಿಕೆಯ ಪದ್ಧತಿ ನನಗೆ ಗೊತ್ತಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಒಂದು ಊರಲ್ಲಿ ಈ ಕೆಲಸ ಮಾಡುತ್ತಿದ್ದವರು ಪ್ರಯಾಗಬಾಯಿ. ಅವರ ಅಂಕಿಗೂ ಯಂತ್ರದ ಅಂಕಿಗೂ ತಾಳೆಯಾಗಲಿಲ್ಲ. ಯಂತ್ರ ತೇವ ಎನ್ನುತ್ತಿತ್ತು, ಈಕೆ ಒಣ ಎಂದು ಬರೆಯುತ್ತಿದ್ದರು. ಮೂರು ವಾರದ ಹಿಂದೆ ಅವರನ್ನು ಕೆಲಸದಿಂದ ಬಿಡಿಸಿ ಪತ್ರ ಹೋಯಿತು. ಅದಕ್ಕೆ ಸಹಿ ಹಾಕಿದವಳು ನಾನು. ಈ ಪ್ರವಾಸದಲ್ಲಿ ನನಗೆ ಎರಡೇ ಕೆಲಸ: ಹುಮನಾಬಾದ್, ಬಸವಕಲ್ಯಾಣದ ಕಂಬಗಳನ್ನು ನೋಡಿ ಪ್ರಮಾಣಪತ್ರ ಕೊಡುವುದು, ಪ್ರಯಾಗಬಾಯಿಯಿಂದ ತಕ್ಕಡಿ ಮತ್ತು ಡಬ್ಬಿಗಳನ್ನು ವಾಪಸ್ ತರುವುದು.

ಹುಮನಾಬಾದಿಗೆ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನೂ ನನ್ನ ಮುಖವನ್ನೂ ಎರಡೆರಡು ಸಲ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಅರವತ್ತು ಕಿಲೋಮೀಟರಿನ ದಾರಿ, ಸುಮಾರು ಎರಡು ತಾಸು. ದೀಪಾವಳಿಗೆ ಇನ್ನೂ ವಾರವಿತ್ತು. ಸೋಯಾ ಕಟಾವಾಗಿ ರಾಶಿ ನಡೆದಿತ್ತು, ತೊಗರಿ ಹಳದಿ ಹೂ ಬಿಟ್ಟಿತ್ತು. ಮಳೆ ಬಿದ್ದು ತಿಂಗಳಾಗಿತ್ತು ಎಂದು ಪಕ್ಕದಲ್ಲಿದ್ದವರು ಹೇಳಿದರು. ಹುಮನಾಬಾದ್ ಹತ್ತಿರವಾದಂತೆ ನೆಲ ಕೆಂಪಾಯಿತು.

ಬಸ್ ನಿಲ್ದಾಣದಲ್ಲಿ ಪ್ರಶಾಂತ ಕಾರು ತಂದು ಕಾಯುತ್ತಿದ್ದ. ಕಂಬಗಳನ್ನು ನೆಡುವ ಕಂತ್ರಾಟು ಹಿಡಿದ ಕಂಪನಿಯ ಇಂಜಿನಿಯರ್ ಅವನು. ಕೈಯಲ್ಲಿ ಹೂಗುಚ್ಛ ಬೇರೆ. ಮಾಣಿಕನಗರದ ದಾರಿಯ ಹೋಟೆಲಿನಲ್ಲಿ ಸುಸಲಾ, ಮೆಣಸಿನಕಾಯಿ ಭಜಿ ಕೊಡಿಸಿದ. ತಟ್ಟೆ ಬರುವ ಮೊದಲೇ ಪ್ರಮಾಣಪತ್ರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದ.

"ಮೇಡಂ, ಫೋಟೊ ಎಲ್ಲಾ ಅವ. ಬಿಸಿಲಾಗ ಯಾಕ ತಿರುಗ್ತೀರಿ? ಇಲ್ಲೇ ಸಹಿ ಮಾಡಿದ್ರ ಸಂಜಿ ರೈಲು ಸಿಗ್ತದ."

"ನಾನು ಬಂದಿದ್ದು ಫೋಟೊ ನೋಡೋಕಲ್ಲ" ಎಂದೆ. ಭಜಿಯ ಖಾರ ನನ್ನ ಮಾತಿಗೂ ಹತ್ತಿತ್ತು. ಅವನು ಹಾಳೆಗಳನ್ನು ಜೋಡಿಸಿ ಒಳಗಿಟ್ಟ.

ಮೊದಲು ಚಿಟಗುಪ್ಪದ ಕಡೆಯ ಕಂಬಕ್ಕೆ ಹೋದೆವು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ತೊಗರಿ ಹೊಲದ ನಟ್ಟನಡುವೆ ಕಂಬ, ಸುತ್ತ ಮುಳ್ಳುಕಂಟಿಯ ಬೇಲಿ, ಬೇಲಿಯ ಒಳಗೂ ಹೊರಗಿನಂತೆಯೇ ತೊಗರಿ. ನಾನು ತಂದಿದ್ದ ಕೊರೆಯುವ ಸಲಾಕೆಯಿಂದ ಮಣ್ಣು ತೆಗೆದು ನೋಡಿದೆ. ಯಂತ್ರದ ಅಂಕಿಗೆ ಹೊಂದುತ್ತಿತ್ತು. ಹೊಲದ ಯಜಮಾನ ಸಿದ್ರಾಮಪ್ಪನವರನ್ನು ಹೊಗಳಿದೆ. ಅವರು ಹೊಗಳಿಕೆಗೆ ಜಗ್ಗುವವರಲ್ಲ.

"ಇವ್ರು ಬಾವಿ ದಂಡ್ಯಾಗ ಹೂಳ್ತೀವಿ ಅಂದ್ರು. ಅಲ್ಲಿ ನೆಳ್ಳ ಅದ, ಕೂಡ್ಲಿಕ್ಕ ಕಟ್ಟಿ ಅದ. ಬಾವಿ ದಂಡ್ಯಾಗಿನ ನೆಲ ಒಣಗ್ತದೇನ್ರಿ? ನಾ ಬೈದು ಇಲ್ಲಿ ಹೂಳ್ಸೀನಿ" ಎಂದರು.

ಪ್ರಶಾಂತ ಆಗ ತೊಗರಿ ಹೂವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅಲ್ಲೇ ನಾನು ಎಚ್ಚರಾಗಬೇಕಿತ್ತು. ಬೈಯುವ ಯಜಮಾನ ಇಲ್ಲದ ಕಡೆ ಇವರು ಕಂಬವನ್ನು ಎಲ್ಲಿ ಹೂಳಿರಬಹುದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ ದಿನ ಮಿಕ್ಕ ಕಂಬಗಳನ್ನು ನೋಡಿ ಹುಮನಾಬಾದಿನ ವಸತಿಗೃಹಕ್ಕೆ ಬಂದು ಮಲಗಿದೆ.

ಮರುದಿನ ಪ್ರಶಾಂತ ಬರಲಿಲ್ಲ. ಬೀದರಿನಲ್ಲಿ ತುರ್ತು ಕೆಲಸವಂತೆ. ಒಳ್ಳೆಯದೇ ಆಯಿತೆಂದು ಬಸ್ಸು ಹಿಡಿದೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದ ಬಸ್ಸು ಹತ್ತು ಗಂಟೆಗೆ ಬಸವಕಲ್ಯಾಣ ಮುಟ್ಟಿತು. ಅಲ್ಲಿಂದ ಮಂಠಾಳದ ಕಡೆ ಹೋಗುವ ಟಂಟಂ ಆಟೊ. ನಾನು ಹೋಗಬೇಕಾದ ಊರು ಮಂಠಾಳದಿಂದಾಚೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪಾಪ ಊರಿನ ತಪ್ಪೇನಿದೆ. ಟಂಟಂ ಓಡಿಸುತ್ತಿದ್ದ ಖಾಜಾಮಿಯಾ ಐವತ್ತರ ಆಸುಪಾಸಿನವರು, ಅದೇ ಊರಿನವರು. ಮಂಠಾಳದಲ್ಲಿ ಉಳಿದವರೆಲ್ಲ ಇಳಿದ ಮೇಲೆ ಮಾತಿಗೆ ತೊಡಗಿದರು.

"ಮಶೀನ್ ನೋಡ್ಲಿಕ್ಕ ಬಂದೀರೇನ್ರಿ? ಭಾಳ ಚಲೋ ಮಶೀನ್ರಿ ಅದು. ಅದರ ಮಾತ ಕೇಳಿ ನಂದು ಎರಡ ಎಕರೆ ಕಡ್ಲಿ ಮಣ್ಣಾಗ ಹೋತು."

"ಹಾಗಂದ್ರೆ?"

"ಫೋನ್‌ದಾಗ ಬಂತ್ರಿ, ಹಸಿ ಅದ, ಬಿತ್ರಿ ಅಂತ. ಬಿತ್ತಿದೆ. ಮೊಳಕಿನೇ ಬರ್ಲಿಲ್ಲ. ಬೀಜ ಇರುವಿ ಹೊತ್ಕೊಂಡ ಹೋದವು. ಪ್ರಯಾಗಬಾಯಿ ಬ್ಯಾಡ ಅಂದಿದ್ಳು, ಬಿತ್ತಬ್ಯಾಡ್ರಿ, ನೆಲದಾಗ ಏನೂ ಇಲ್ಲ ಅಂತ. ಯಾರ್ ಕೇಳ್ತಾರ್ರಿ? ಅಕಿ ತೂಕ ಸುಳ್ಳ ಅಂತ ಬೆಂಗ್ಳೂರಿಂದ ಕಾಗದ ಬಂದಿತ್ತಲ್ಲ."

ನಾನು ಹೊರಗೆ ನೋಡಿದೆ. ಕಪ್ಪು ಹೊಲಗಳು ಎರಡೂ ಕಡೆ ಬಿರುಕು ಬಿಟ್ಟುಕೊಂಡು ಮಲಗಿದ್ದವು. ಬಿತ್ತಿದ ಸಾಲುಗಳು ಕಾಣುತ್ತಿದ್ದವು, ಸಾಲುಗಳಲ್ಲಿ ಹಸಿರು ಇರಲಿಲ್ಲ.

ಕಂಬವಿದ್ದದ್ದು ಗ್ರಾಮ ಪಂಚಾಯಿತಿ ಕಚೇರಿಯ ಆವರಣದಲ್ಲಿ, ಗೋಡೆಯ ಮಗ್ಗುಲಲ್ಲಿ. ಫೋಟೊದಲ್ಲಿದ್ದ ಕಂಬವೇ. ಆದರೆ ಫೋಟೊದ ಚೌಕಟ್ಟಿನ ಆಚೆ ನೀರಿನ ತೊಟ್ಟಿ ಇತ್ತು, ನಲ್ಲಿ ಇತ್ತು. ತಂತಿಬೇಲಿಯೊಳಗೆ ಕಂಬದ ಬುಡದ ಸುತ್ತ ಮೂರು ಸಾಲು ಚೆಂಡು ಹೂವು, ಮೊಳಕಾಲೆತ್ತರ, ಕಿತ್ತಳೆ ಮತ್ತು ಹಳದಿ, ದಟ್ಟವಾಗಿ ಅರಳಿದ್ದವು. ನನ್ನನ್ನು ನೋಡಿ ಪಂಚಾಯಿತಿಯ ಸಿಪಾಯಿ ಮಾರುತಿ ಓಡಿ ಬಂದ. ಅವನ ಕೈಯಲ್ಲಿ ಕೊಡವಿತ್ತು.

"ಚಂದ ಬೆಳೆಸೀನಿಲ್ರಿ ಮೇಡಂ? ಮುಂಜಾನಿ ಎರಡ ಕೊಡ, ಸಂಜಿಕ ಎರಡ ಕೊಡ. ಒಂದ ದಿವ್ಸ ತಪ್ಸಿಲ್ರಿ."

"ನೀರು ಹಾಕು ಅಂತ ಯಾರು ಹೇಳಿದರು?"

"ಫಿಟ್ ಮಾಡ್ಲಿಕ್ಕ ಬಂದ ಸಾಹೇಬ್ರು. ತಿಂಗಳಾ ಫೋಟೊ ಹೋಗ್ತದ, ಸುತ್ತ ಹಸರ ಕಾಣ್ಬೇಕು ಅಂದ್ರು. ಹೂವು ಹಚ್ಚಿದ್ದು ನನ್ನ ತಲ್ಯಾಗಿಂದಾ. ದಸರಾಕ್ಕ ಇಡೀ ಆಫೀಸಿಗೆ ಇದರದೇ ತೋರಣ ಕಟ್ಟೀನ್ರಿ."

ಅವನನ್ನು ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಅಷ್ಟು ಶ್ರದ್ಧೆಯಿಂದ ನೋಡಿಕೊಂಡ ಸರ್ಕಾರಿ ಕಂಬ ಈ ದೇಶದಲ್ಲಿ ಇನ್ನೊಂದು ಇರಲಾರದು. ಸಲಾಕೆ ಚುಚ್ಚಿದೆ. ಬೆಣ್ಣೆಗೆ ಇಳಿದಂತೆ ಇಳಿಯಿತು. ಹಿಡಿದರೆ ಉಂಡೆಯಾಗುವ ಒದ್ದೆ ಮಣ್ಣು, ಅದೂ ಆ ನೆಲದ ಕಪ್ಪು ಮಣ್ಣಲ್ಲ, ಆವರಣ ಸಮ ಮಾಡಲು ಎಲ್ಲಿಂದಲೋ ತಂದು ಸುರಿದ ಕೆಂಪು ಮಣ್ಣು. ಸುತ್ತಲಿನ ಇಷ್ಟೂ ಊರುಗಳ ಹೊಲದವರಿಗೆ ಬಿತ್ತಿ ಎಂದು ಹೇಳಿದ್ದು ಮಾರುತಿಯ ನಾಲ್ಕು ಕೊಡ ನೀರು.

ಪ್ರಶಾಂತನಿಗೆ ಫೋನ್ ಮಾಡಿದೆ. ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯಲಾರೆ. ಎಲ್ಲ ಕೇಳಿಸಿಕೊಂಡು ಅವನು ತಣ್ಣಗೆ ಹೇಳಿದ: "ಹೊಲದಾಗ ಹಾಕಿದ್ರ ಕಳುವಾಗ್ತದ ಮೇಡಂ. ಇಲ್ಲಿ ಗೋಡಿ ಅದ, ಸಿಪಾಯಿ ಅದಾನ. ಆಮ್ಯಾಲೆ ಈ ಜಾಗದ ಫೋಟೊ ಒಪ್ಪಿದವ್ರು ನೀವಾ ಅಲ್ರಿ?"

ಹೌದು, ನಾನೇ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಸಾಲಾಗಿ ಒಪ್ಪಿದ್ದೆ. ಫೋನ್ ಇಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಇಡಲು ಈಗ ಬೇರೆ ಜಾಗ ಉಳಿದಿರಲಿಲ್ಲ.

ಖಾಜಾಮಿಯಾ ನನ್ನನ್ನು ಪ್ರಯಾಗಬಾಯಿ ಮಣ್ಣು ತೆಗೆಯುತ್ತಿದ್ದ ಹೊಲಕ್ಕೆ ಕರೆದೊಯ್ದರು. ಪಂಚಾಯಿತಿ ಗೋಡೆಯಿಂದ ಇನ್ನೂರು ಹೆಜ್ಜೆಯಿಲ್ಲ. ಸಲಾಕೆ ನಾಲ್ಕು ಬೆರಳು ಇಳಿದು ನಿಂತಿತು. ಬಿರುಕಿನಲ್ಲಿ ಕೈ ಇಟ್ಟರೆ ಮಣಿಕಟ್ಟಿನವರೆಗೆ ಹೋಯಿತು. ಒಳಗೆ ತಂಪಿರಲಿಲ್ಲ.

ಊರಿನ ಪೂರ್ವದ ಓಣಿಯಲ್ಲಿ ತಗಡಿನ ಮಾಡಿನ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಪ್ರಯಾಗಬಾಯಿಗೆ ಐವತ್ತೈದಿರಬಹುದು, ಎತ್ತರದ ಹೆಂಗಸು, ಮಾತು ಕಡಿಮೆ. ಕಚೇರಿಯಿಂದ ಬಂದಿದ್ದೇನೆ, ತಕ್ಕಡಿ ಬೇಕಿತ್ತು ಎಂದೆ. ಹೆಸರು ಹೇಳಲಿಲ್ಲ. ಧೈರ್ಯವಿರಲಿಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ.

"ಮೊದ್ಲ ಉಣ್ರಿ" ಎಂದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ನಾನು ಉಣ್ಣುವಾಗ ಅವರು ಒಳಗಿನಿಂದ ಸಾಮಾನು ತಂದಿಟ್ಟರು. ತಕ್ಕಡಿಯನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ಹನ್ನೆರಡು ಡಬ್ಬಿಗಳು ತೊಳೆದು ಒಣಗಿಸಿ ಒಂದರ ಮೇಲೊಂದು. ಪಕ್ಕದಲ್ಲಿ ಅಂಕಿ ಬರೆದ ನೋಟುಪುಸ್ತಕ.

"ಮಣ್ಣು ಒಣಗಿಸಲು ನಾವು ಕೊಟ್ಟ ವಿದ್ಯುತ್ ಒಲೆ ಉಪಯೋಗಿಸಲಿಲ್ಲವಂತಲ್ಲ" ಎಂದೆ. ನನ್ನ ಪತ್ರದಲ್ಲಿದ್ದ ಆರೋಪಗಳಲ್ಲಿ ಅದೂ ಒಂದು, ಒಲೆ ಬಿಟ್ಟು ತವಾದ ಮೇಲೆ ಮಣ್ಣು ಒಣಗಿಸುತ್ತಾರೆಂದು.

"ಕರೆಂಟ ಎಲ್ಲಿರ್ತದ್ರಿ? ಅರ್ಧಾ ಒಣಗೋದ್ರಾಗ ಹೋಗ್ತದ. ಅದಕ್ಕ ರೊಟ್ಟಿ ಮುಗಿದ ಮ್ಯಾಲ ಇದೇ ತವಾದ ಮ್ಯಾಲ ಡಬ್ಬಿ ಇಡ್ತಿದ್ದೆ. ತೂಗೋದು, ಮತ್ತ ಇಡೋದು, ಮತ್ತ ತೂಗೋದು. ತೂಕ ಇಳಿಯೋದು ನಿಂತ ಮ್ಯಾಲೇ ಬರೀತಿದ್ದೆ. ಮೂರ ಸಲ ಒಂದೇ ತೂಕ ಬರ್ಬೇಕು."

ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ತವಾದ ಬಿಸಿ ಹೆಚ್ಚಾದರೆ ಮಣ್ಣು ಇನ್ನಷ್ಟು ಸುಟ್ಟು ತೂಕ ಇನ್ನಷ್ಟು ಇಳಿಯಬೇಕು. ಆಗ ತೇವ ಹೆಚ್ಚು ಬರಬೇಕೇ ಹೊರತು ಕಡಿಮೆಯಲ್ಲ. ಇವರ ಅಂಕಿ ಯಂತ್ರಕ್ಕಿಂತ ಕಡಿಮೆಯಿತ್ತು. ಅಂದ ಮೇಲೆ ತವಾದ ಮೇಲೆ ತಪ್ಪು ಹೊರಿಸಲು ಬರುವುದೇ ಇಲ್ಲ. ಕೃಷಿ ಕಾಲೇಜಿನಲ್ಲಿ ಆಗಾಗ ನಾನು ಪಾಠ ಹೇಳುವ ಹುಡುಗಿಯರು ಮೊದಲ ವರ್ಷದಲ್ಲೇ ಕಲಿಯುವ ಮಾತು ಇದು. ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಯೋಚಿಸಲೇ ಇಲ್ಲ. ಒಲೆ, ತವಾ, ಹಳ್ಳಿಯ ಹೆಂಗಸು ಎಂಬಷ್ಟನ್ನು ವರದಿಯಲ್ಲಿ ಓದಿದ ಕೂಡಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಸಾಮಾನು ಮುಟ್ಟಿದ್ದಕ್ಕೆ ರಸೀದಿ ಬರೆದು ಸಹಿ ಮಾಡಿ ಕೊಟ್ಟೆ. ಪ್ರಯಾಗಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಎದ್ದು ಒಳಗೆ ಹೋಗಿ ಮಡಚಿದ ಕಾಗದವೊಂದನ್ನು ತಂದರು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟರು. ನನ್ನ ಸಹಿಗೆ ಕೊನೆಯಲ್ಲಿ ಉದ್ದನೆಯ ಬಾಲವಿದೆ.

"ನೀವಾ ಏನ್ರಿ?"

"ಹೌದು. ನಾನೇ."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಒಂದ ಫೋನ್ ಮಾಡಿ ಕೇಳ್ಬೇಕಿತ್ರಿ ನೀವು. ನೀ ಎಲ್ಲಿ ಮಣ್ಣ ತಗೀತಿ, ಮಶೀನ್ ಎಲ್ಲದ, ಅಂತ ಒಂದ ಮಾತ. ಇದರಾಗ ಕಲ್ಪಿತ ಅಂಕಿ ಅಂತ ಬರ್ದೀರಿ. ಪಂಚಾಯ್ತಿ ಕಟ್ಟಿ ಮ್ಯಾಲ ಎಲ್ಲಾರ ಮುಂದ ಓದ್ಯಾರ. ಕಲ್ಪಿತ ಅಂದ್ರ ಏನು ಅಂತ ಯಾರೋ ಕೇಳಿದ್ರು. ಸುಳ್ಳ ಅಂತ ಹೇಳಿದ್ರು. ತಪ್ಪ ಬರ್ದಾಳ ಅಂದಿದ್ರ ಬ್ಯಾರೆ ಇತ್ತು. ಸುಳ್ಳ ಬರ್ದಾಳ ಅಂದ್ರಿ. ಮೊದ್ಲ ಬಿತ್ತೋ ಮುಂದ ಮಂದಿ ನನ್ನ ಮನಿಗಿ ಬಂದು ಕೇಳಿ ಹೋಗ್ತಿದ್ರು. ಈಗ ತವಾಬಾಯಿ ಅಂತಾರ."

ತಪ್ಪಾಯಿತು ಎಂದೆ. ಬೆಂಗಳೂರಿಗೆ ಹೋದ ಕೂಡಲೇ ಕಚೇರಿಯಿಂದ ಬೇರೆ ಪತ್ರ ಬರೆಸಿ ಕಳಿಸುತ್ತೇನೆ ಎಂದೆ.

"ನಿಮ್ಮ ಕಚೇರಿ ಕಾಗದ ಬರೋದ್ರಾಗ ಹೋಳಿ ಆಗ್ತದ. ಈಗ ಬರೀರಿ. ಅದನ್ನ ಓದಿದಲ್ಲೇ ಇದನ್ನೂ ಓದ್ರಿ. ನೀವಾ ಓದ್ರಿ."

ಪಂಚಾಯಿತಿಗೆ ಹಿಂತಿರುಗಿ ಬೆಂಗಳೂರಿನ ಮೇಲಧಿಕಾರಿಗೆ ಫೋನ್ ಮಾಡಿದೆ. ಈ ಕಂಬದ ಅಂಕಿಯನ್ನು ತಕ್ಷಣ ಕೈಬಿಡಬೇಕು, ಸಂದೇಶ ನಿಲ್ಲಿಸಬೇಕು ಎಂದೆ. ಅದಕ್ಕೆ ಸಮಿತಿ ಸೇರಬೇಕಂತೆ. "ಮುಂದಿನ ವಾರ ಉದ್ಘಾಟನೆ ಇದೆ, ನೆನಪಿರಲಿ. ಈಗ ಸಹಿ ಹಾಕಿ ಬನ್ನಿ, ಆಮೇಲೆ ಸರಿಪಡಿಸೋಣ" ಎಂದರು. ಸಹಿ ಹಾಕುವುದಿಲ್ಲ ಎಂದೆ. ಅವರು ಇನ್ನೂ ಮಾತಾಡುತ್ತಿದ್ದಂತೆಯೇ ಪೆಟ್ಟಿಗೆ ತೆರೆದು ತಂತಿ ಕಿತ್ತೆ. ಕಂಬದ ಸಣ್ಣ ಹಸಿರು ದೀಪ ಆರಿತು. ಮಾರುತಿ ಹೌಹಾರಿದ. ಹೂವಿಗೆ ನೀರು ಹಾಕುವುದನ್ನು ನಿಲ್ಲಿಸಬೇಡ, ಅವಕ್ಕೂ ಇದಕ್ಕೂ ಇನ್ನು ಸಂಬಂಧವಿಲ್ಲ ಎಂದು ಅವನನ್ನು ಸಮಾಧಾನ ಮಾಡಿದೆ.

ಬಸವಕಲ್ಯಾಣದಲ್ಲಿ ಉಳಿದುಕೊಂಡು ಮಾರನೆಯ ಬೆಳಿಗ್ಗೆ ಎಂಟಕ್ಕೆ ಖಾಜಾಮಿಯಾರ ಟಂಟಂನಲ್ಲೇ ವಾಪಸ್ ಬಂದೆ. ಅವರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಪಂಚಾಯಿತಿ ಕಟ್ಟೆಯ ಸುತ್ತ ಐವತ್ತು ಅರವತ್ತು ಜನ. ಪ್ರಯಾಗಬಾಯಿ ಗೋಡೆಗೆ ಒರಗದೆ ನೇರವಾಗಿ ನಿಂತಿದ್ದರು. ಕೈಬರಹದ ಹಾಳೆಯನ್ನು ಓದಿದೆ. ಪ್ರಯಾಗಬಾಯಿ ಬರೆದ ಅಂಕಿಗಳೆಲ್ಲ ಸರಿ. ಕಂಬವನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದು ನಮ್ಮವರು, ನೋಡದೆ ಒಪ್ಪಿದವಳು ನಾನು. ಅವರು ಸುಳ್ಳು ಬರೆದರು ಎಂದು ನಾನು ಬರೆದದ್ದೇ ಸುಳ್ಳು. ಸಭೆಗಳಲ್ಲಿ ಎಷ್ಟೋ ಸಲ ಓದಿದ್ದೇನೆ. ನನ್ನ ತಪ್ಪನ್ನು ಓದಿದ್ದು ಅದೇ ಮೊದಲು.

"ಅಂದ್ರ ಬಾಯಿ ಹೇಳಿದ್ದು ಖರೇ ಇತ್ತೇನ್ರಿ?" ಮುಂದೆ ಕೂತಿದ್ದ ಮುದುಕರೊಬ್ಬರು ಕೇಳಿದರು.

"ಖರೇ ಇತ್ತು."

"ಹಂಗಾದ್ರ ನಮ್ಮ ಬೀಜ?" ಎಂದು ಹಿಂದಿನಿಂದ ಯಾರೋ ಕೇಳಿದರು. ಇದನ್ನೂ ಕಚೇರಿಗೆ ಬರೆದು ಕೇಳುತ್ತೇನೆ ಎಂದೆ; ಹೇಳುವಾಗಲೇ ಅದು ಎಷ್ಟು ಪೊಳ್ಳು ಎಂದು ಗೊತ್ತಾಗುತ್ತಿತ್ತು.

ಪ್ರಯಾಗಬಾಯಿ ಹಾಳೆ ಇಸಿದುಕೊಂಡು ಹಳೆಯ ಪತ್ರದೊಳಗೆ ಮಡಚಿ ಇಟ್ಟರು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ತಕ್ಕಡಿಯನ್ನು ಅವರ ಕಡೆ ಚಾಚಿದೆ.

"ಈಗ ಬ್ಯಾಡ್ರಿ. ತಗೊಂಡ ಹೋಗೇವಿ ಅಂತ ರಸೀದಿ ಕೊಟ್ಟೀರಿ. ಮತ್ತ ಕೊಡ್ತೀವಿ ಅಂತ ಕಾಗದ ಮಾಡ್ಕೊಂಡ ಬರ್ರಿ. ಅಲ್ಲೀತನಕ ಮಣ್ಣ ಕೈಲೇ ಹಿಡ್ದ ನೋಡ್ತೀನಿ."

ಮಧ್ಯಾಹ್ನ ಬಸವಕಲ್ಯಾಣದಿಂದ ಹುಮನಾಬಾದಿನ ಬಸ್ಸು ಹತ್ತಿದೆ. ಮತ್ತೆ ಸೊನ್ನೆ ಟಿಕೆಟ್. ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ತಕ್ಕಡಿ. ಸೀಟುಗಳೆಲ್ಲ ತುಂಬಿದ್ದವು. ಬಸ್ಸು ಸಸ್ತಾಪುರ ಬಂಗ್ಲಾ ಮುಟ್ಟುವಷ್ಟರಲ್ಲಿ ಮುಂದೊಂದು, ಹಿಂದೆರಡು, ಹೀಗೆ ಬಸ್ಸಿನ ತುಂಬ ಫೋನುಗಳು ಸದ್ದು ಮಾಡಿದವು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತನ್ನ ಫೋನನ್ನು ನನ್ನ ಕೈಗೆ ಕೊಟ್ಟರು.

"ಅಕ್ಕಾ, ಚಷ್ಮಾ ಬಿಟ್ಟ ಬಂದೀನಿ. ಏನ್ ಬರ್ದದ ನೋಡ್ರಿ."

ನೋಡಿದೆ. ನಿಮ್ಮ ಭಾಗದ ಮಣ್ಣಿನಲ್ಲಿ ಸಾಕಷ್ಟು ತೇವವಿದೆ, ಕಡಲೆ ಬಿತ್ತನೆಗೆ ಸೂಕ್ತ ಸಮಯ.

ತಂತಿ ಕಿತ್ತು ಒಂದು ದಿನವಾಗಿತ್ತು. ಆಮೇಲೆ ನೆನಪಾಯಿತು. ಕಂಬ ಕೆಟ್ಟು ಸುಮ್ಮನಾದರೆ ಸಂದೇಶ ನಿಲ್ಲಬಾರದು, ಕೊನೆಯಲ್ಲಿ ಬಂದ ಅಂಕಿಯನ್ನೇ ಮುಂದುವರಿಸಬೇಕು ಎಂಬ ನಿಯಮವಿದೆ. ಅದನ್ನು ಮಾಡಿದ ಸಮಿತಿಯಲ್ಲಿ ನಾನೂ ಕೂತಿದ್ದೆ, ಚಹಾ ಕುಡಿದಿದ್ದೆ.

"ಕಡ್ಲಿ ಬಿತ್ತ ಅಂತದೇನ್ರಿ?" ಆ ಹೆಂಗಸು ಕೇಳಿದರು.

"ಹಾಗೇ ಬರೆದಿದೆ. ಬಿತ್ತಬೇಡಿ. ನೆಲದಲ್ಲಿ ಏನೂ ಇಲ್ಲ."

"ಯಾರ್ ಹೇಳ್ಯಾರ್ರಿ?"

"ಪ್ರಯಾಗಬಾಯಿ" ಎಂದೆ. ಊರಿನ ಹೆಸರನ್ನೂ ಹೇಳಿದೆ.

"ತವಾಬಾಯಿ? ಅಕಿ ಸುಳ್ಳ ಬರೀತಾಳ ಅಂತ ಕಾಗದ ಬಂದದಂತಲ್ಲ?"

"ಆ ಕಾಗದ ಬರೆದವಳು ನಾನೇ ಕಣಮ್ಮ. ಸುಳ್ಳು ಇದ್ದದ್ದು ಅದರಲ್ಲಿ. ಅವರ ತೂಕ ಸರಿ."

ನನ್ನ ದನಿ ಜೋರಾಗಿಯೇ ಬಂದಿರಬೇಕು. ಕಂಡಕ್ಟರ್ ಹಿಂತಿರುಗಿ ನೋಡಿದರು. ಬಸ್ಸು ಹೆದ್ದಾರಿಗೆ ಏರಿತು, ಹಿಂದಿನ ಗಾಜಿನಲ್ಲಿ ಬಸವಕಲ್ಯಾಣದ ದಾರಿ ದೂರವಾಯಿತು. ಮೂರು ಸೀಟಿನ ಮುಂದೆ ಒಬ್ಬಾತ ಫೋನ್ ಹಿಡಿದುಕೊಂಡೇ ಎದ್ದು ನಿಂತು, "ಏನಂದ್ರಿ? ಇನ್ನೊಮ್ಮಿ ಹೇಳ್ರಿ" ಎಂದ.

ಇನ್ನೊಮ್ಮೆ ಹೇಳಿದೆ.